ಕಸದ ಗಾಡಿಯಲ್ಲಿ ಗಂಡನ ಹೆಸರು

ಕಥೆಗಳಲ್ಲಿ ಮಾತಾಡುವ ಗಿಣಿ ಇರುತ್ತದೆ, ಮಾತಾಡುವ ಹುತ್ತ ಇರುತ್ತದೆ. ತೂಬಿನಾಳದ ಪಾಲಿಗೆ ಬಂದದ್ದು ಮಾತಾಡುವ ಕಸದ ಗಾಡಿ. ಗಿಣಿ ಬಾಯಿಬಿಟ್ಟರೆ ಬೇಟೆಗೆ ಹೊರಟ ರಾಜಕುಮಾರನೂ ಕುದುರೆ ನಿಲ್ಲಿಸಿ ಕೇಳುತ್ತಾನೆ. ಈ ಗಾಡಿ ಬಾಯಿಬಿಟ್ಟರೆ ತೂಬಿನಾಳದ ನಾಯಿಗಳೂ ಮಗ್ಗುಲು ಬದಲಿಸುತ್ತಿರಲಿಲ್ಲ.

ಗಂಗಾವತಿಯಿಂದ ಹೊರಟು ಮರಳಿ ಎಂಬ ಊರು ದಾಟಿ, ಭತ್ತದ ಗದ್ದೆಗಳ ನಡುವಿನ ದಾರಿ ಹಿಡಿದು ಇನ್ನೊಂದಿಷ್ಟು ಒಳಗೆ ಹೋದರೆ ತೂಬಿನಾಳ. ಊರ ಬೆನ್ನಿಗೆ ಕಾಲುವೆ. ಕಾಲುವೆಯ ನೀರನ್ನು ಗದ್ದೆಗಳಿಗೆ ಬಿಡುವ ಕಲ್ಲಿನ ತೂಬು. ಆ ಊರಿನ ಕಸದ ಗಾಡಿಯನ್ನು ಓಡಿಸುತ್ತಿದ್ದವಳು ಪಂಪಾವತಿ. ಮಹಿಳಾ ಸಂಘದ ಕಡೆಯಿಂದ ಕೊಪ್ಪಳಕ್ಕೆ ಹೋಗಿ ಗಾಡಿ ಕಲಿತು, ಲೈಸೆನ್ಸ್ ಮಾಡಿಸಿಕೊಂಡು ಬಂದವಳು. ಅದಕ್ಕೂ ಮೊದಲು ಅವಳದು ಕೆಸರಿನಲ್ಲಿ ಬಗ್ಗಿ ಭತ್ತದ ಸಸಿ ನೆಡುವ ಕೆಲಸ. ಬಗ್ಗಿದವಳಿಗೆ ಗದ್ದೆಯೆಂದರೆ ತನ್ನ ಪಾದ ಮತ್ತು ಮುಂದಿನವಳ ಪಾದ, ಅಷ್ಟೆ. ಗಾಡಿಯ ಸೀಟಿನ ಮೇಲೆ ಕೂತ ದಿನ ಮೊದಲ ಸಲ ಅವಳಿಗೆ ಗದ್ದೆ ಇಡಿಯಾಗಿ ಕಂಡಿತು. ಕಾಲುವೆಯ ಏರಿಯ ಮೇಲೆ ಗಾಡಿ ಹೋಗುವಾಗ ಎರಡೂ ಬದಿಗೆ ಹಸಿರು ಹಾಸಿಕೊಂಡು, ಅದರ ಮೇಲೆ ಯಾರೋ ಬಿಳಿ ಹೂವು ಎರಚಿದಂತೆ ಕೊಕ್ಕರೆಗಳು ಕೂತಿರುತ್ತಿದ್ದವು. ಯಾರೂ ಇಲ್ಲದಾಗ ಅವಳು ಗಾಡಿಯನ್ನು ಸ್ವಲ್ಪ ನಿಧಾನ ಮಾಡಿ, ಇದು ತನ್ನದೇ ರಾಜ್ಯ ಎಂದುಕೊಂಡು ಸುತ್ತ ನೋಡುತ್ತಿದ್ದಳು. ರಾಜ್ಯದ ತುಂಬ ಕಸವೇ ಇದ್ದರೂ ರಾಣಿ ರಾಣಿಯೇ.

ಗಾಡಿಯ ತಲೆಯ ಮೇಲಿನ ಮೈಕಿನಲ್ಲಿ ಕೇಳುತ್ತಿದ್ದದ್ದು ಪಂಚಾಯ್ತಿಯ ಪಿಡಿಒ ಲಕ್ಷ್ಮಣಪ್ಪನ ದನಿ. ಆಫೀಸಿನ ಕಿಟಕಿ ಬಾಗಿಲು ಹಾಕಿಕೊಂಡು, ಫ್ಯಾನು ಆರಿಸಿ, ಬೆವರು ಸುರಿಸಿ ಮಾಡಿದ ರೆಕಾರ್ಡು ಅದು.

“ಮಾನ್ಯ ನಾಗರಿಕರೇ, ಪರಿಸರ ಮಾಲಿನ್ಯವು ಮನುಕುಲಕ್ಕೆ ಮಾರಕವಾಗಿದ್ದು, ತ್ಯಾಜ್ಯವನ್ನು ಮೂಲದಲ್ಲಿಯೇ ವಿಂಗಡಿಸಿ ಸಹಕರಿಸಬೇಕಾಗಿ ಕೋರಲಾಗಿದೆ.”

ಕಟ್ಟೆಯ ಮೇಲೆ ಅಕ್ಕಿ ಹಸನು ಮಾಡುತ್ತ ಕೂತ ಶೇಖರಮ್ಮ ಮೊರದಿಂದ ಮುಖ ಎತ್ತದೆ ಕೇಳುತ್ತಿದ್ದಳು. “ಪಂಪವ್ವಾ, ಯಾರನ್ನ ಕರಿಯಾಕತ್ತೈತಿ ನಿನ್ನ ಗಾಡಿ?”

“ನಿಮ್ಮನ್ನ ರೀ, ಅತ್ತಿ.”

“ನಾಗರಿಕರು ಅಂತೈತಲ್ಲ. ಅವರು ಗಂಗಾವತ್ಯಾಗ ಇರ್ತಾರ. ಅಲ್ಲಿಗೆ ಒಯ್ಯಿ.”

ಎದುರು ಮನೆಯ ಮುದಕಮ್ಮ ಬಾಗಿಲಲ್ಲಿ ನಿಂತು ದನಿಗೂಡಿಸುತ್ತಿದ್ದಳು. “ಮತ್ತ ಮನುಕುಲ ಅಂತ ಯಾರಿಗೋ ಏನೋ ಆಗೇತಂತ. ಪಾಪ. ನಮ್ಮ ಓಣ್ಯಾಗ ಆ ಮನಿತನದವರು ಯಾರೂ ಇಲ್ಲ.”

ಇಬ್ಬರಿಗೂ ಎಲ್ಲ ಅರ್ಥವಾಗುತ್ತಿತ್ತು. ಅರ್ಥವಾಗದಂತೆ ಇರುವುದರಲ್ಲಿ ಸುಖವಿತ್ತು. ಕಸ ಬೇರೆ ಮಾಡುವವರು ಯಾರು, ಗಾಡಿ ಬರುವ ತನಕ ಕಾಯುವವರು ಯಾರು? ಹಿತ್ತಲ ಬಾಗಿಲು ತೆರೆದರೆ ಕಾಲುವೆ. ಹರಿಯುವ ನೀರಿಗೆ ಮೈಲಿಗೆಯಿಲ್ಲ ಎಂದು ಹಿರಿಯರು ಹೇಳಿಯೇ ಇದ್ದಾರೆ. ಹಿರಿಯರ ಕಾಲದಲ್ಲಿ ಪ್ಲಾಸ್ಟಿಕ್ ಕವರು ಇರಲಿಲ್ಲ ಎಂಬ ಮಾತನ್ನು ಯಾರೂ ನೆನಪು ಮಾಡಿಕೊಳ್ಳುತ್ತಿರಲಿಲ್ಲ. ಹೀಗೆ ಊರಿನ ಕವರು, ಬಾಟಲಿ, ಗುಟ್ಕಾ ಚೀಟಿ, ಗದ್ದೆಗೆ ಔಷಧಿ ಹೊಡೆದ ಖಾಲಿ ಡಬ್ಬಿಗಳೆಲ್ಲ ಮೆರವಣಿಗೆ ಹೊರಟು ತೂಬಿನ ಬಾಯಿಗೆ ಬಂದು ನಿಲ್ಲುತ್ತಿದ್ದವು. ಪಂಪಾವತಿಯ ಗಾಡಿ ಮಾತ್ರ ಹೋದ ಹಾಗೇ ಖಾಲಿ ಡಬ್ಬಿ ಬಡಿದುಕೊಂಡು ಹಿಂದಿರುಗುತ್ತಿತ್ತು.

ಒಂದು ದಿನ ಲಕ್ಷ್ಮಣಪ್ಪ ಅವಳನ್ನು ಆಫೀಸಿಗೆ ಕರೆಸಿದ. ಅವನು ಕುಷ್ಟಗಿಯ ಕಡೆಯವನು, ಕೆಟ್ಟವನಲ್ಲ, ತನ್ನ ಭಾಷೆಯ ಮೇಲೆ ಸ್ವಲ್ಪ ಅಭಿಮಾನ ಹೆಚ್ಚು.

“ನೋಡವಾ ಪಂಪಾವತಿ, ಕನಕಗಿರಿ ಕಡೆ ಒಂದು ಪಂಚಾಯ್ತಿಯವರು ನಮ್ಮ ಗಾಡಿ ಕೇಳಾಕತ್ಯಾರ. ಇಲ್ಲಿ ಸುಮ್ನ ಡೀಸೆಲ್ ಸುಡತೈತಿ. ಮ್ಯಾಲಿನವರು ಕೇಳಿದ್ರ ನಾ ಏನು ಹೇಳ್ಲಿ?”

“ಕೊಟ್ರ ನಾನು ಏನು ಮಾಡ್ಲಿರಿ ಸಾಹೇಬ್ರ?”

“ನೀನೇನು, ಮೊದಲು ಏನು ಮಾಡ್ತಿದ್ದಿ?”

ಪಂಪಾವತಿಗೆ ತನ್ನ ಪಾದ ಮತ್ತು ಮುಂದಿನವಳ ಪಾದ ಕಂಡವು. “ದೀಪಾವಳಿ ತನಕ ಬಿಡ್ರಿ,” ಎಂದಳು. “ಅಷ್ಟೊತ್ತಿಗೆ ಗಾಡಿ ತುಂಬಿಸ್ತೀನಿ.” ಹೇಗೆ ಎಂದು ಅವನೂ ಕೇಳಲಿಲ್ಲ, ಅವಳಿಗೂ ಗೊತ್ತಿರಲಿಲ್ಲ.

ಆದರೆ ಧೂಳಿಗೆ ಗೊತ್ತಿತ್ತು. ಅದೇ ವಾರ ಮೈಕಿನ ಪೆಟ್ಟಿಗೆಯೊಳಗೆ ಧೂಳು ಹೊಕ್ಕು ಲಕ್ಷ್ಮಣಪ್ಪನ ದನಿ “ಮಾನ್ಯ ನಾಗ” ಎಂಬಲ್ಲಿಗೆ ಸಿಕ್ಕಿಕೊಂಡಿತು. ಪಂಪಾವತಿ ಊದಿದಳು, ಬಡಿದಳು. ಆಗಲಿಲ್ಲ. ಪೆಟ್ಟಿಗೆಗೆ ಜೋಡಿಸಿದ್ದ ಕೈಮೈಕನ್ನು ಹಿಡಿದು, “ಶೇಖರಮ್ಮತ್ತಿ, ಕಸ ಇದ್ರ ಕೊಡ್ರಿ,” ಎಂದಳು. ಅಷ್ಟೇ. ಓಣಿಯ ಬಾಗಿಲುಗಳೆಲ್ಲ ತೆರೆದುಕೊಂಡವು. ಮೈಕಿನಲ್ಲಿ ಹೆಸರು ಬಂದರೆ ಬಾಗಿಲು ತೆರೆಯದ ಮನೆ ಯಾವ ಊರಲ್ಲಿದೆ?

ಶೇಖರಮ್ಮ ಮೊರ ಬಿಟ್ಟು ಎದ್ದು ಬಂದಳು. ಗಾಡಿಯ ಕಿಟಕಿಗೆ ಮುಖ ತಂದು, “ಯವ್ವಾ, ಅದನ್ನ ಜರಾ ಇಲ್ಲಿ ಕೊಡು,” ಎಂದಳು.

“ಯಾಕ್ರಿ ಅತ್ತಿ?”

“ಒಂದು ಒಡಪು ಹೇಳೂದೈತಿ.”

ಗಂಡನ ಹೆಸರನ್ನು ಬರಿದೇ ಹೇಳುವುದು ಆ ಸೀಮೆಯ ಹೆಂಗಸರ ರೂಢಿಯಲ್ಲ. ಅದನ್ನು ನಾಲ್ಕು ಸಾಲಿನ ಪ್ರಾಸದಲ್ಲಿ ಸುತ್ತಿ, ಬೆಲ್ಲದಲ್ಲಿ ಎಳ್ಳು ಸುತ್ತಿದಂತೆ ಹೇಳಬೇಕು. ಅದೇ ಒಡಪು. ಮದುವೆಯಾಗಿ ಬಂದ ದಿನ ನಾದಿನಿಯರು ಹೊಸ್ತಿಲಿಗೆ ಅಡ್ಡ ನಿಂತು, ಒಡಪು ಹಾಕಿ ಗಂಡನ ಹೆಸರು ಹೇಳುವ ತನಕ ಸೊಸೆಯನ್ನು ಒಳಗೆ ಬಿಡುವುದಿಲ್ಲ. ಶೇಖರಮ್ಮ ಹೊಸ್ತಿಲಲ್ಲಿ ನಿಂತ ದಿನ ಸೆರಗಿನೊಳಗೇ ಒಡಪು ಹೇಳಿದ್ದಳು. ಹೇಳಿದ್ದು ಯಾರಿಗೂ ಕೇಳಿಸಿರಲಿಲ್ಲ. ‘ಬಾಯಿ ಇಲ್ಲದ ಸೊಸಿ’ ಎಂದು ಆವತ್ತು ನಾದಿನಿ ಅಂದದ್ದು ಮೊಮ್ಮಕ್ಕಳಾದರೂ ಎದೆಯಲ್ಲಿ ಮುಳ್ಳಾಗಿ ಉಳಿದಿತ್ತು. ಆ ನಾದಿನಿ ಈಗಲೂ ಮೂರನೆಯ ಓಣಿಯಲ್ಲಿ ಇದ್ದಳು. ಮೈಕು ಮೂರನೆಯ ಓಣಿಗೆ ಚೆನ್ನಾಗಿ ಮುಟ್ಟುತ್ತಿತ್ತು.

ಪಂಪಾವತಿಗೆ ಆ ಕ್ಷಣದಲ್ಲಿ ಎಲ್ಲಿಂದಲೋ ಒಂದು ತುಂಟತನ ಬಂದು ಹೆಗಲೇರಿತು. “ಸುಮ್ನ ಕೊಡಂಗಿಲ್ರಿ. ಹಸಿ ಕಸ ಬ್ಯಾರೆ, ಒಣ ಕಸ ಬ್ಯಾರೆ ತಂದೋರಿಗೆ ಅಷ್ಟ ಮೈಕು.”

“ಅಡ್ಡ ನಿಂತಿ ನೋಡು, ನೀನೂ ನನ್ನ ನಾದಿನ್ಯಾದಿ,” ಎಂದ ಶೇಖರಮ್ಮ ಒಳಗೆ ಹೋಗಿ ಕಸ ಬೇರೆ ಮಾಡಿಕೊಂಡೇ ಬಂದಳು. ಒಂದು ಬುಟ್ಟಿಯಲ್ಲಿ ಉಳ್ಳಾಗಡ್ಡಿ ಸಿಪ್ಪೆ, ಇನ್ನೊಂದರಲ್ಲಿ ಕವರು. ಸಿಪ್ಪೆಯನ್ನು ಹಸಿರು ಡಬ್ಬಿಗೆ, ಕವರನ್ನು ನೀಲಿ ಡಬ್ಬಿಗೆ ಸುರಿದು, ಸೆರಗು ಸರಿಮಾಡಿಕೊಂಡು, ಮೈಕು ಹಿಡಿದಳು.

“ತುಂಬಿದ ಕಾಲುವಿಗೆ ತೂಬು ಚೆಂದ,
ತೆನಿ ತುಂಬಿದ ಗದ್ದಿಗೆ ಕೊಕ್ಕರಿ ಚೆಂದ,
ದೇವೇಂದ್ರಪ್ಪನವರ ನೆತ್ತಿಗೆ ಕೂದ್ಲಿಲ್ದಿದ್ರೂ
ಸುತ್ತಿದ ಹಳದಿ ರುಮಾಲು ಚೆಂದ.”

ದೇವೇಂದ್ರಪ್ಪ ಆಗ ಎತ್ತಿಗೆ ನೀರು ಕುಡಿಸುತ್ತಿದ್ದ. ಕೈ ತಾನಾಗಿಯೇ ರುಮಾಲಿಗೆ ಹೋಯಿತು. ಅವತ್ತಿಡೀ ಅವನು ರುಮಾಲು ಬಿಚ್ಚಲಿಲ್ಲ.

ಮರುದಿನದಿಂದ ಗಾಡಿ ಓಣಿಗೆ ಬರುವ ಮೊದಲೇ ಹೆಂಗಸರು ಎರಡೆರಡು ಬುಟ್ಟಿ ಹಿಡಿದು ಕಟ್ಟೆಯ ಮೇಲೆ ಸಾಲಾಗಿ ಕೂರತೊಡಗಿದರು. ಭೂಮಿಗೆ ಆಪತ್ತು ಬಂದಿದೆ ಎಂದು ತಿಂಗಳುಗಟ್ಟಲೆ ಕೂಗಿದಾಗ ಯಾರ ಕಿವಿಯೂ ಅಲುಗಿರಲಿಲ್ಲ. ಈಗ ಮನೆಯಲ್ಲಿ ಒಣ ಕಸ ಸಾಲದೆ ಹೋಗಿ ಹಿತ್ತಲು ಹುಡುಕುವವರು, ಕಾಲುವೆಯ ದಂಡೆಯಲ್ಲಿ ಬಿದ್ದದ್ದನ್ನು ಹೆಕ್ಕುವವರು ಕಂಡರು. ಬುಟ್ಟಿ ತುಂಬದಿದ್ದರೆ ಪಂಪಾವತಿ ಮೈಕು ಕೊಡುತ್ತಿರಲಿಲ್ಲ. ಆ ವಿಷಯದಲ್ಲಿ ಅವಳು ಕಟುವಾಗಿದ್ದಳು.

ಆದರೆ ಹೊಗಳಿಕೆಗೆ ಒಂದು ಮಿತಿ ಇದೆ. ಗಂಡಂದಿರಲ್ಲಿ ಹೊಗಳುವಂಥದ್ದು ಬೇಗ ಮುಗಿದುಹೋಯಿತು. ಆಗ ಮುದಕಮ್ಮ ಹೊಸ ದಾರಿ ತೆಗೆದಳು.

“ಭತ್ತದ ಹುಳಕ್ಕ ಎಣ್ಣಿ ಹೊಡೀತಾರ,
ಎಣ್ಣಿ ಡಬ್ಬಿ ಕಾಲುವಿಗೆ ಒಗೀತಾರ,
ಅದ ನೀರಾಗ ಮಾರಿ ತೊಳಕೊಂಡು
ನಮ್ಮ ಹೊನ್ನೂರಪ್ಪನವರು ಚೆಂದ ಕಾಣ್ತಾರ.”

ಎಣ್ಣಿ ಎಂದರೆ ಅಲ್ಲಿ ಬೆಳೆಗೆ ಹೊಡೆಯುವ ಔಷಧಿ. ಹೊನ್ನೂರಪ್ಪ ಆ ಹೊತ್ತಿಗೆ ಚಾಂದಸಾಬನ ಚಹಾ ಅಂಗಡಿಯ ಬೆಂಚಿನ ಮೇಲೆ ಒಗ್ಗರಣಿ ಮಿರ್ಚಿ ತಿನ್ನುತ್ತ ಕೂತಿದ್ದ. ಕಚ್ಚಿದ ಮಿರ್ಚಿ ಬಾಯಲ್ಲೇ ನಿಂತಿತು.

ಚಾಂದಸಾಬ ಚಹಾ ಸೋಸುತ್ತ, ತಲೆ ಎತ್ತದೆ ಹೇಳಿದ. “ಹೊನ್ನೂರಪ್ಪಣ್ಣ, ಮಾರಿ ತೊಳಕೊಂಡು ಬಂದಿಯೇನು? ಭಾಳ ಚೆಂದ ಕಾಣಾಕತ್ತಿ.”

ಬೆಂಚಿನ ಮೇಲಿದ್ದವರ ಚಹಾ ಮೂಗಿಗೇರಿತು. ಹೊನ್ನೂರಪ್ಪ ಅರ್ಧ ಮಿರ್ಚಿ ಬಿಟ್ಟು ಮನೆಗೆ ಹೋದ. “ನನ್ನ ಮರ್ಯಾದಿ ಎಲ್ಲ ಒಯ್ದು ಕಸದ ಗಾಡ್ಯಾಗ ಹಾಕಿದೆಲ್ಲ ನೀನು,” ಎಂದ.

“ಹಾಕಿರಬೇಕು,” ಎಂದಳು ಮುದಕಮ್ಮ ರೊಟ್ಟಿ ಬಡಿಯುತ್ತ. “ಹಸಿ ಡಬ್ಬಿಗೆ ಹಾಕಿದ್ನೋ ಒಣ ಡಬ್ಬಿಗೆ ಹಾಕಿದ್ನೋ ನೆನಪಿಲ್ಲ.”

ಅಲ್ಲಿಂದ ಮುಂದೆ ಗಂಡಸರಿಗೆ ಬೆಳಗಾಗುವುದೇ ಭಯವಾಯಿತು. ಹೊಸದಾಗಿ ಮದುವೆಯಾಗಿ ಬಂದ ಅಂಜಲಿ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಮಾತಾಡುವ ಹುಡುಗಿ, ಅವಳೂ ಮೈಕು ಹಿಡಿದು, “ದಾಳಿಂಬ್ರಿ ಹಣ್ಣು ಒಡದ್ರ ಕೆಂಪ, ಯಂಕೇಶನವರು ನಕ್ಕರ ಅದಕಿಂತ ಕೆಂಪ, ಅವರು ಎತ್ತಾಗ ಹೋಗ್ಯಾರ ತಿಳೀಬೇಕಂದ್ರ ಗುಟ್ಕಾ ಚೀಟಿ ಬಿದ್ದಾವ ಗುಂಪ ಗುಂಪ,” ಎಂದುಬಿಟ್ಟಳು. ಯಂಕೇಶ ಚೀಟಿಯನ್ನು ಕಿಸೆಗೆ ಹಾಕಿಕೊಳ್ಳತೊಡಗಿದ. ಮುಂಜಾನೆ ಮಂಜಿನಲ್ಲಿ ಯಾರೂ ನೋಡದಂತೆ ಔಷಧಿ ಡಬ್ಬಿಗಳನ್ನು ಗೋಣಿಚೀಲಕ್ಕೆ ತುಂಬಿ ತಂದು, ಗಾಡಿಯ ಹಿಂದೆ ಇಟ್ಟು, ಕೆಮ್ಮುತ್ತ ಹೋಗುವ ಗಂಡಸರನ್ನು ಪಂಪಾವತಿ ಕನ್ನಡಿಯಲ್ಲಿ ನೋಡಿ ನಗುತ್ತಿದ್ದಳು. ಗಾಡಿ ಮುಕ್ಕಾಲು ತುಂಬುತ್ತಿತ್ತು.

ಎಲ್ಲ ಹೆಂಗಸರ ಗಂಡಂದಿರೂ ಮೈಕಿನಲ್ಲಿ ಬಂದು ಹೋದರು. ಒಬ್ಬನ ಹೆಸರು ಮಾತ್ರ ಬರಲಿಲ್ಲ.

ಪಂಪಾವತಿಯ ಗಂಡ ಗವಿಸಿದ್ದೇಶನದು ಶಾಮಿಯಾನ ಮತ್ತು ಊಟದ ಸಾಮಾನಿನ ಧಂದೆ. ಸುತ್ತಲಿನ ಹಳ್ಳಿಗಳಲ್ಲಿ ಮದುವೆ, ಸೀಮಂತ, ತೊಟ್ಟಿಲು ಯಾವುದಿದ್ದರೂ ಅವನದೇ ಹಂದರ, ಅವನದೇ ಕುರ್ಚಿ, ಬೆಳ್ಳಿ ಬಣ್ಣ ಬಳಿದ ಅವನದೇ ಕಾಗದದ ತಾಟು. ಉಂಡು ಎದ್ದ ಮೇಲೆ ತಾಟು, ಲೋಟ, ನೀರಿನ ಪಾಕೀಟು ಎಲ್ಲ ಅವನ ಮೂರು ಗಾಲಿಯ ಟಂಟಂ ಗಾಡಿಯೇರಿ, ಬರುವ ದಾರಿಯಲ್ಲಿ ಕಾಲುವೆಗೆ ಇಳಿಯುತ್ತಿದ್ದವು. ಪಂಪಾವತಿಗೆ ಗೊತ್ತಿಲ್ಲದ್ದಲ್ಲ. ಏರಿಯ ಮೇಲೆ ಹೋಗುವಾಗ ದೂರದಲ್ಲಿ ನೀರಿನ ಮೇಲೆ ಬೆಳ್ಳಿಯ ತಾಟುಗಳು ಬಿಸಿಲಿಗೆ ಹೊಳೆಯುತ್ತ ಸಾಗುವುದು ಕಾಣುತ್ತಿತ್ತು. ನಾಗಲೋಕದಲ್ಲಿ ಯಾರದೋ ಮದುವೆ ಇರಬೇಕು ಎಂದು ತನಗೆ ತಾನೇ ಕಥೆ ಕಟ್ಟಿಕೊಂಡು, ಆಕಡೆಯ ಗದ್ದೆ ನೋಡುತ್ತ ಗಾಡಿ ಓಡಿಸಿಬಿಡುತ್ತಿದ್ದಳು.

ದೀಪಾವಳಿ ಹತ್ತಿರ ಬಂತು. ಊರಲ್ಲೊಂದು ದೊಡ್ಡ ಮದುವೆ ಆಯಿತು. ಅದರ ಮರುದಿನ ತೂಬು ಕಟ್ಟಿ ನಿಂತಿತು. ಕಾಲುವೆ ತುಂಬಿ ಹರಿಯುತ್ತಿದ್ದರೂ ಕೆಳಗಿನ ಗದ್ದೆಗಳಿಗೆ ಹನಿ ನೀರು ಇಳಿಯಲಿಲ್ಲ. ಕೆಳಗಿನ ಗದ್ದೆ ಹೊನ್ನೂರಪ್ಪನದು. ಅವನು ನೀರಿಗಿಳಿದು ತೂಬಿನ ಬಾಯಿಗೆ ಕೈ ಹಾಕಿದರೆ ಬಂದದ್ದು ತಾಟು, ಮತ್ತೆ ತಾಟು, ಅದರ ಬೆನ್ನಿಗೆ ಇನ್ನೊಂದು ತಾಟು. ಹೊನ್ನೂರಪ್ಪ ಸಿಟ್ಟಿಗೇಳಲಿಲ್ಲ. ಬಹಳ ದಿನದ ಮೇಲೆ ಅವನ ಮುಖದಲ್ಲಿ ಸಂತೋಷ ಕಾಣಿಸಿತು. ಒದ್ದೆ ತಾಟುಗಳನ್ನು ಗೋಣಿಚೀಲಕ್ಕೆ ತುಂಬಿ, ನೀರು ಸೋರುತ್ತಿದ್ದ ಹಾಗೇ ಹೊತ್ತು ತಂದು ಪಂಚಾಯ್ತಿ ಆಫೀಸಿನ ನಡುವೆ ಸುರುವಿದ. ಹಿಂದೆ ಅರ್ಧ ಊರೇ ಬಂದಿತ್ತು.

“ಸಾಹೇಬ್ರ, ಈಕಿ ಊರ ಮಂದಿ ಗಂಡಂದಿರನ್ನೆಲ್ಲ ಮೈಕಿಗೇರಿಸಿದ್ಲು. ತನ್ನ ಗಂಡನ್ನ ಮಾತ್ರ ಮಡಿಲಾಗ ಮುಚ್ಚಿಟ್ಕೊಂಡಾಳ. ಇದು ಎಲ್ಲಿ ನ್ಯಾಯ?”

ಪಂಪಾವತಿ ತಾಟುಗಳನ್ನು ನೋಡುತ್ತ ನಿಂತಳು. ಹತ್ತಿರದಿಂದ ನೋಡಿದರೆ ಅವು ನಾಗಲೋಕದವು ಅಲ್ಲವೇ ಅಲ್ಲ. ಒಂದರ ಮೇಲೆ ಬದನೆಕಾಯಿ ಪಲ್ಯ ಇನ್ನೂ ಅಂಟಿಕೊಂಡಿತ್ತು.

ಲಕ್ಷ್ಮಣಪ್ಪ ಕಾಲು ಎತ್ತಿ ಕುರ್ಚಿಯ ಅಡ್ಡಪಟ್ಟಿಯ ಮೇಲಿಟ್ಟುಕೊಂಡ. “ನಾನು ಛಲೋ ಭಾಷಾದಾಗ ರೆಕಾರ್ಡ್ ಮಾಡಿ ಕೊಟ್ಟಿದ್ದೆ. ಅದರಾಗ ಯಾರ ಹೆಸರೂ ಇರಲಿಲ್ಲ, ಯಾರಿಗೂ ತ್ರಾಸ ಇರಲಿಲ್ಲ.”

“ಯಾರಿಗೂ ಕೇಳಸ್ತಾನೂ ಇರಲಿಲ್ರಿ,” ಎಂದಳು ಶೇಖರಮ್ಮ ಬಾಗಿಲಿನಿಂದ.

“ನೀವು ಸುಮ್ನಿರ್ರಿ ಅಮ್ಮಾರ. ಪಂಪಾವತಿ, ಊರು ಎರಡು ಭಾಗ ಆತು ಅಂದ್ರ ನನಗ ಈ ಗಾಡಿ ಬ್ಯಾಡ. ಕನಕಗಿರಿ ಕಡೆಯವರಿಗೆ ಹೂಂ ಅಂದುಬಿಡ್ತೀನಿ.”

ಹೊನ್ನೂರಪ್ಪ ಅಡ್ಡ ಬಂದ. “ತಡೀರಿ ಸಾಹೇಬ್ರ. ಹಂಗ ಬಿಡಂಗಿಲ್ಲ. ನಾಳಿ ಮುಂಜಾನೆ ಚಾಂದಸಾಬನ ಅಂಗಡಿ ಮುಂದ ಗಾಡಿ ನಿಂದ್ರಿಸಿ, ತನ್ನ ಗಂಡನ ಹೆಸರು ಹೇಳ್ಲಿ. ರುಮಾಲು ಚೆಂದ, ಮೀಸಿ ಚೆಂದ ಅಂತಲ್ಲ. ಖರೇ ಒಡಪು. ಹೇಳಿದ್ರ ನನ್ನ ತಕರಾರಿಲ್ಲ, ಗಾಡಿ ಇರ್ಲಿ. ಹೇಳಾಕ ಆಗಲಿಲ್ಲಂದ್ರ ಕೀಲಿ ನಿಮ್ಮ ಕೈಯಾಗ ಕೊಟ್ಟು ಮನಿಗೆ ಹೋಗ್ಲಿ.”

ತೀರ್ಮಾನದ ಭಾರ ಹೆಗಲಿಂದ ಇಳಿದದ್ದಕ್ಕೆ ಲಕ್ಷ್ಮಣಪ್ಪ ಬೇಗ ಒಪ್ಪಿದ.

ಸಂಜೆ ಪಂಪಾವತಿ ಗಂಡನಿಗೆ ರೊಟ್ಟಿ ಬಡಿಸಿ ಎದುರಿಗೆ ಕೂತಳು. ಸುದ್ದಿ ಅವಳಿಗಿಂತ ಮೊದಲೇ ಮನೆ ಮುಟ್ಟಿತ್ತು.

“ಏನು ಹೇಳಾಕಿ?” ಎಂದ ಗವಿಸಿದ್ದೇಶ.

“ನೀವ ಹೇಳ್ರಿ, ಏನು ಹೇಳ್ಲಿ?”

“ನನ್ನ ಹೆಸರು ಕೆಟ್ರ ಹಂದರ ಯಾರು ಹಾಕಸ್ತಾರ?”

“ನನ್ನ ಗಾಡಿ ಹೋದ್ರ?”

ಅವನು ರೊಟ್ಟಿ ಮುರಿದು ಪಲ್ಯದಲ್ಲಿ ಅದ್ದಿದ, ತಿನ್ನಲಿಲ್ಲ. “ಒಡಪಿನಾಗ ಸುಳ್ಳು ಹೇಳಿದ್ರ ದೋಷ ಇಲ್ಲ. ದೇವೇಂದ್ರಪ್ಪನ ರುಮಾಲು ಚೆಂದ ಅಂದ್ರು. ಖರೇನ ಚೆಂದ ಐತೇನು ಅದು?”

“ಇಲ್ರಿ.”

“ಮತ್ತ?”

ಪಂಪಾವತಿಗೆ ನಗು ಬಂತು, ಸಂಕಟವೂ ಆಯಿತು. ಅವನು ಒಳ್ಳೆಯವನೇ. ಅವಳು ಕೊಪ್ಪಳಕ್ಕೆ ಗಾಡಿ ಕಲಿಯಲು ಹೊರಟಾಗ ಅಕ್ಕಪಕ್ಕದವರು ನಕ್ಕಿದ್ದರು. ಬಸ್ ನಿಲ್ದಾಣದ ತನಕ ಬಂದು ಬಿಟ್ಟವನು ಇವನೇ. “ಆ ತಾಟು ನಮ್ಮ ಗಾಡಿಗೆ ಯಾಕ ಕೊಡಂಗಿಲ್ರಿ ನೀವು?” ಎಂದಳು.

“ಹೆಂಡ್ತಿ ಓಡಸೋ ಗಾಡಿಗೆ ನನ್ನ ಎಂಜಲ ತಾಟು ಹೆಂಗ ಹಾಕ್ಲಿ? ನಿನಗ ಭಾರ ಅಂತ,” ಎಂದ. ಹೇಳಿದ ಮೇಲೆ ಅದು ಅವನಿಗೇ ಅಷ್ಟೇನೂ ಸರಿ ಕೇಳಿಸಲಿಲ್ಲವೇನೋ, ಕೈ ತೊಳೆದುಕೊಂಡು ಎದ್ದುಹೋದ.

ಬೆಳಿಗ್ಗೆ ಚಾಂದಸಾಬನ ಅಂಗಡಿಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ಒಂದು ಕಡೆ ಬುಟ್ಟಿ ಹಿಡಿದ ಹೆಂಗಸರು, ಇನ್ನೊಂದು ಕಡೆ ಚಹಾ ಹಿಡಿದ ಗಂಡಸರು. ಹೊನ್ನೂರಪ್ಪ ಬೆಂಚಿನ ನಟ್ಟನಡುವೆ, ಮದುವೆ ಗಂಡಿನ ಹಾಗೆ ಬಿಳಿ ಅಂಗಿ ತೊಟ್ಟು ಕೂತಿದ್ದ. ಲಕ್ಷ್ಮಣಪ್ಪ ಬೈಕಿನ ಮೇಲೆ ಬಂದು ಬೇವಿನ ನೆರಳಿಗೆ ನಿಂತ. ಗವಿಸಿದ್ದೇಶ ತನ್ನ ಟಂಟಂ ಗಾಡಿಯನ್ನು ಮೂಲೆಯಲ್ಲಿ ನಿಲ್ಲಿಸಿ, ಅದರ ಹಿಂದೆ ಅರ್ಧ ಕಾಣುವಂತೆ ಅರ್ಧ ಕಾಣದಂತೆ ನಿಂತಿದ್ದ.

ಪಂಪಾವತಿ ಗಾಡಿ ನಿಲ್ಲಿಸಿದಳು. ಇಳಿಯಲಿಲ್ಲ. ಇಳಿದರೆ ಮತ್ತೆ ಹತ್ತುವುದಾಗುತ್ತದೋ ಇಲ್ಲವೋ ಎಂದು ಸೀಟಿನಲ್ಲೇ ಕೂತು ಕೈಮೈಕು ತೆಗೆದುಕೊಂಡಳು. ಹೊಗಳುವ ಒಡಪೊಂದನ್ನು ಅವಳು ಕಟ್ಟಿಕೊಂಡೇ ಬಂದಿದ್ದಳು. ಅದು ನಾಲಿಗೆಯ ತುದಿಗೂ ಬಂದಿತು. ಎದುರಿಗೆ ಮುದಕಮ್ಮ, ಅವಳ ಪಕ್ಕದಲ್ಲಿ ಸೆರಗಿನಲ್ಲಿ ಬಾಯಿ ಮುಚ್ಚಿದ ಅಂಜಲಿ. ಇವರೆಲ್ಲ ತನ್ನ ಮಾತು ಕೇಳಿ ಮನೆಯಲ್ಲಿ ಜಗಳ ಕಟ್ಟಿಕೊಂಡವರು. ಆ ಒಡಪನ್ನು ನುಂಗಿಬಿಟ್ಟಳು. ಕಣ್ಣು ಮುಚ್ಚಿದಳು.

“ಊರಿಗೆಲ್ಲ ನೆಳ್ಳು ಕೊಡೋ ಶಾಮಿಯಾನ,
ಉಂಡೆದ್ದ ತಾಟಿಗೆಲ್ಲ ಕಾಲುವ್ಯಾಗ ಸ್ನಾನ,
ತೂಬಿಗೆ ಬೂಚು ಬಡದ ಗವಿಸಿದ್ದೇಶನವರ ಹೆಸರು
ಹೇಳಿ ತಗದ್ನಿ ಇವತ್ತ ನಮ್ಮನಿ ಮಾನ.”

ಹೊನ್ನೂರಪ್ಪನೇ ಮೊದಲು ನಕ್ಕ. ಅವನ ನಗೆಯ ಬೆನ್ನಿಗೆ ಬೆಂಚು ನಕ್ಕಿತು, ಕಟ್ಟೆ ನಕ್ಕಿತು, ಬುಟ್ಟಿಗಳು ನಕ್ಕವು. ಗವಿಸಿದ್ದೇಶ ಟಂಟಂನ ಹಿಂದೆ ಪೂರ್ತಿ ಮರೆಯಾದ.

“ಏ, ಅಡಗಬ್ಯಾಡ, ಬಾ ಇಲ್ಲಿ,” ಎಂದು ಶೇಖರಮ್ಮ ಕೂಗಿದಳು. “ಹೆಣ್ಣು ಹೇಳಿದ ಮ್ಯಾಲೆ ಗಂಡೂ ಹೇಳಬೇಕು. ಅದು ಪದ್ಧತಿ.”

ಪದ್ಧತಿ ಎಂದ ಮೇಲೆ ಯಾರೂ ಮಾತಾಡುವಂತಿಲ್ಲ. ಇಬ್ಬರು ಹೋಗಿ ಗವಿಸಿದ್ದೇಶನನ್ನು ತೋಳು ಹಿಡಿದು ಕರೆತಂದರು. ಊರೂರಿನ ಮದುವೆಗಳಿಗೆ ಮೈಕು ಕಟ್ಟಿದವನು ಅವನು. ಅದರಲ್ಲಿ ‘ಹಲೋ, ಮೈಕ್ ಟೆಸ್ಟಿಂಗ್’ ಬಿಟ್ಟು ಬೇರೇನೂ ಹೇಳಿದವನಲ್ಲ. ಕಿಟಕಿಯ ಮೂಲಕ ಹೆಂಡತಿಯ ಕೈಯಿಂದ ಮೈಕು ತೆಗೆದುಕೊಂಡ. ಬೆರಳಿಂದ ಅದರ ತಲೆ ಬಡಿದ. “ಹಲೋ,” ಎಂದ. ಪಂಪಾವತಿ ಸ್ಟೇರಿಂಗ್ ಗಟ್ಟಿಯಾಗಿ ಹಿಡಿದುಕೊಂಡಳು. ಕೊನೆಗೆ ಅವನ ಮೀಸೆಯ ಅಂಚಿನಲ್ಲಿ ಏನೋ ಅಲುಗಿತು.

“ಗಾಡಿ ಹತ್ತಿದ್ರ ರಾಣಿ ಗತ್ತ,
ಮೈಕು ಹಿಡದ್ರ ಗಂಡಗ ಕುತ್ತ,
ಹಾಲಿನ ಪಾಕೀಟು ನೀರೊಲಿಗೆ ಹಾಕೋ ಪಂಪಾವತಿ,
ನಿನ್ನ ಹೊಗಿ ನನ್ನ ಮೂಗಿಗೆ ಬಂದೈತಿ ಇವತ್ತ.”

ಈ ಸಲ ನಗು ಬರೀ ಒಂದು ಕಡೆಯಿಂದ ಬಂತು. ಬುಟ್ಟಿ ಹಿಡಿದವರೆಲ್ಲ ಒಮ್ಮೆಲೇ ನೆಲ ನೋಡತೊಡಗಿದರು. ಸ್ನಾನಕ್ಕೆ ನೀರು ಕಾಯಿಸುವ ಒಲೆ ಬೇಗ ಹೊತ್ತಲಿ ಎಂದು ಆ ಬೆಳಿಗ್ಗೆ ಪ್ಲಾಸ್ಟಿಕ್ ಪಾಕೀಟು ತುರುಕದ ಹೆಂಗಸು ಆ ಊರಲ್ಲಿ ಇರಲಿಲ್ಲ. ಮನೆಗಳ ಮೇಲೆ ಕಪ್ಪು ಹೊಗೆ ಇನ್ನೂ ಸಾಕ್ಷಿಗೆ ನಿಂತಿತ್ತು. ಪಂಪಾವತಿಯ ಕಿವಿ ಕೆಂಪಾದವು. ಒಳಗೊಳಗೇ ಅವಳಿಗೆ ಆಶ್ಚರ್ಯ. ಇಷ್ಟು ವರ್ಷ ತನ್ನ ಜೊತೆ ಉಂಡು ಮಲಗಿದ ಈ ಮನುಷ್ಯನ ಬಾಯಲ್ಲಿ ಪ್ರಾಸ ಇತ್ತೇ?

ದೇವೇಂದ್ರಪ್ಪ ರುಮಾಲು ಸರಿಮಾಡಿಕೊಂಡು ಎದ್ದು ಬಂದ. “ಇಲ್ಲಿ ಕೊಡು ತಮ್ಮಾ ಅದನ್ನ. ನನಗೂ ಒಂದು ಹೊಳದೈತಿ.” ಅವನ ಹಿಂದೆ ಯಂಕೇಶ. ಯಂಕೇಶನ ಹಿಂದೆ ಅವನ ಅಣ್ಣ. ಹೊನ್ನೂರಪ್ಪ ಬಿಳಿ ಅಂಗಿಯ ತೋಳು ಮಡಿಸುತ್ತ, ಮುದಕಮ್ಮನ ಕಡೆ ನೋಡಿ, ಬಾಯಲ್ಲಿ ಏನೋ ಜೋಡಿಸಿಕೊಳ್ಳತೊಡಗಿದ್ದ.

ಪಂಪಾವತಿ ಗಂಡನ ಕೈಯಿಂದ ಮೈಕು ಕಿತ್ತುಕೊಂಡು ಗುಂಡಿ ಆರಿಸಿದಳು. “ಖಾಲಿ ಕೈಲೆ ಬಂದೋರಿಗೆ ಮೈಕಿಲ್ರಿ,” ಎಂದಳು. “ಹಸಿದು ಬ್ಯಾರೆ, ಒಣದು ಬ್ಯಾರೆ.”

ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ದೇವೇಂದ್ರಪ್ಪ, ಊರ ಹಿರಿಯ, ಚಾಂದಸಾಬನ ಅಂಗಡಿಯ ಮುಂದೆ ಬಿದ್ದಿದ್ದ ಕಾಗದದ ಕಪ್ಪುಗಳನ್ನು ಬಗ್ಗಿ ಹೆಕ್ಕಲು ಶುರು ಮಾಡಿದ. ಯಂಕೇಶ ಕಪ್ಪು ಸಿಗದೆ ಚರಂಡಿಗೆ ಇಳಿದ.

ಲಕ್ಷ್ಮಣಪ್ಪ ಬೇವಿನ ನೆರಳಿನಿಂದ ಮುಂದೆ ಬಂದ. ಕೈಯಲ್ಲಿದ್ದ ಬಾಟಲಿಯ ನೀರು ಕುಡಿದು, ಅದನ್ನು ಹಿಚುಕಿ, ಅಭ್ಯಾಸದಂತೆ ಕೈ ಎತ್ತಿದ. ಎತ್ತಿದ ಕೈ ಗಾಳಿಯಲ್ಲೇ ನಿಂತಿತು. ಸುತ್ತಲಿನ ಕಣ್ಣುಗಳೆಲ್ಲ ಆ ಬಾಟಲಿಯ ಮೇಲಿದ್ದವು.

“ಸಾಹೇಬ್ರ,” ಎಂದಳು ಶೇಖರಮ್ಮ ಬಹಳ ಮೃದುವಾಗಿ. “ನಿಮ್ಮನಿಯವರು, ಅಕ್ಕಾರು, ಕುಷ್ಟಗಿಯಾಗ ಇರ್ತಾರಲ್ರಿ? ಆ ಕಡೆ ಹೆಣ್ಮಕ್ಕಳು ಒಡಪು ಭಾಳ ಛಲೋ ಹೇಳ್ತಾರಂತ ಕೇಳೀನಿ. ಒಮ್ಮೆ ಕರಕೊಂಡು ಬರ್ರಿ.”

ಲಕ್ಷ್ಮಣಪ್ಪ ಕೈ ಇಳಿಸಿದ. ಗಾಡಿಯ ಹಿಂದೆ ನಡೆದು ಹೋಗಿ, ಎರಡು ಡಬ್ಬಿಗಳ ನಡುವೆ ನಿಂತು, ಪಂಪಾವತಿಯನ್ನು ಕೇಳಿದ. “ಇದು ಯಾವುದಕ್ಕವಾ?”

“ನೀಲಿಗೆ ರೀ.”

ಅವನು ನೀಲಿಗೆ ಹಾಕಿದ.

“ಮತ್ತ ಗಾಡಿದು ಏನು ಮಾಡಿದ್ರಿ ಸಾಹೇಬ್ರ?” ಎಂದು ಚರಂಡಿಯಿಂದ ಯಂಕೇಶ ಕೇಳಿದ. “ಕಳಸಬ್ಯಾಡ್ರಿ. ನಮ್ಮ ಪಾಳಿ ಇನ್ನ ಬಂದಿಲ್ಲ.”

“ಹೊನ್ನೂರಪ್ಪಂದು ತಕರಾರು ಇಲ್ಲಂದ್ರ ನಂದೇನೈತಿ,” ಎಂದ ಲಕ್ಷ್ಮಣಪ್ಪ. “ಇರ್ಲಿ ಇಲ್ಲೇ.” ಬೈಕು ಹತ್ತಿ, ಹೋಗುವಾಗ ಮೆಲ್ಲಗೆ ಪಂಪಾವತಿಗಷ್ಟೇ ಕೇಳುವಂತೆ ಅಂದ. “ನಮ್ಮನಿಯವರಿಗೆ ಮಾತ್ರ ಈ ಮೈಕಿನ ಸುದ್ದಿ ಮುಟ್ಟಿಸಬ್ಯಾಡ್ರಿ.” ಪಂಪಾವತಿ ಸೆರಗಿನಿಂದ ಕೈಮೈಕಿನ ಧೂಳು ಒರೆಸಿದಳು.

ಅವಳು ಕೀಲಿ ತಿರುವಬೇಕೆನ್ನುವಾಗ ಕನ್ನಡಿಯಲ್ಲಿ ಗವಿಸಿದ್ದೇಶ ಕಂಡ. ಟಂಟಂನಿಂದ ಒಂದು ದೊಡ್ಡ ಗಂಟು ಇಳಿಸಿ, ಎಳೆದುಕೊಂಡು ಬರುತ್ತಿದ್ದ. ಹಿಂದಿನ ದಿನದ ಸೀಮಂತದ ತಾಟುಗಳು. ಗಂಟನ್ನು ಎತ್ತಿ ನೀಲಿ ಡಬ್ಬಿಯ ಅಂಚಿಗೆ ಇಟ್ಟ.

“ಹಂಗ ಹಾಕಂಗಿಲ್ರಿ,” ಎಂದಳು ಪಂಪಾವತಿ ಕಿಟಕಿಯಿಂದ ತಲೆ ಹೊರಹಾಕಿ. “ಅನ್ನ, ಪಲ್ಯ ಎಲ್ಲ ತಗದು ಹಸಿರಿಗೆ ಹಾಕ್ರಿ. ತಾಟು ತೊಳದು ನೀಲಿಗೆ.”

“ಇಷ್ಟೂ?”

“ಇಷ್ಟೂ.”

“ಊರ ಮಂದಿ ಎದುರಿಗೆ ನಾನು ತಾಟು ತೊಳಕೋತ ಕುಂದ್ರಲೇನು?”

“ಕುಂದ್ರಿ,” ಎಂದಳು.

ಅವನು ಅವಳನ್ನು ನೋಡಿದ, ಕೈಮೈಕನ್ನು ನೋಡಿದ, ಪಂಚೆ ಮೇಲೆ ಕಟ್ಟಿ ನಳದ ಬಳಿ ಕುಕ್ಕರುಗಾಲಲ್ಲಿ ಕೂತ. ಚಾಂದಸಾಬ ಅಂಗಡಿಯಿಂದ ಒಂದು ಬಕೀಟು ತಂದು ಕೊಟ್ಟ. ಹೊನ್ನೂರಪ್ಪ ಸ್ವಲ್ಪ ಹೊತ್ತು ನಿಂತು ನೋಡಿ, ತಡೆಯಲಾರದೆ, ಬಿಳಿ ಅಂಗಿಯನ್ನು ಬಿಚ್ಚಿ ಬೆಂಚಿನ ಮೇಲಿಟ್ಟು, “ಸರಿ ಆಕಡೆ, ಹಿಂಗ ತೊಳದ್ರ ಸಂಜಿ ಆಕ್ಕೈತಿ,” ಎಂದು ಪಕ್ಕದಲ್ಲಿ ಕೂತ. ಪಂಪಾವತಿ ಗಾಡಿಯ ಬಾಗಿಲನ್ನು ಪೂರ್ತಿ ತೆರೆದಿಟ್ಟು, ಸೀಟಿಗೆ ಬೆನ್ನು ಒರಗಿಸಿ, ತಾಟುಗಳು ಮುಗಿಯುವ ತನಕ ಕಾದಳು.